ಅಕ್ಕನ ಜೀವಕೋಶಗಳು

ಅಕ್ಕನ ಎಡಗಾಲಿನ ಹಿಮ್ಮಡಿಯಲ್ಲಿದ್ದ ಕಪ್ಪು ಕಲೆಯನ್ನು ಮೊದಲು ಗಮನಿಸಿದವಳು ಅವಳ ಮಗಳು. ಅವಳು ಚಿಕ್ಕಬಳ್ಳಾಪುರದಲ್ಲಿ ನನ್ನ ಮನೆಯಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದಳು. ದಸರೆಯ ರಜೆಗೆ ಊರಿಗೆ ಹೋದವಳು ಅಮ್ಮನ ಕಾಲಿನ ಒಡಕಿಗೆ ಎಣ್ಣೆ ಹಚ್ಚಲು ಕೂತಾಗ ಅದನ್ನು ಕಂಡು, ಫೋನಿನಲ್ಲಿ ಚಿತ್ರ ತೆಗೆದು ನನಗೆ ಕಳಿಸಿದಳು. ಚಿಕ್ಕಮ್ಮ, ಇದೇನು ನೋಡಿ ಎಂದಷ್ಟೇ ಬರೆದಿದ್ದಳು.

ನಾನು ಆಗ ಬೆಂಗಳೂರಿನಿಂದ ಹಿಂದಿರುಗುವ ರೈಲಿನಲ್ಲಿದ್ದೆ. ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಅಂಕುಡೊಂಕು ಅಂಚಿನ ಕಲೆ. ಒಂದು ಕಡೆ ಕಡುಕಪ್ಪು, ಇನ್ನೊಂದು ಕಡೆ ಕಂದು, ನಡುವೆ ಚರ್ಮ ಕಿತ್ತು ಒದ್ದೆಯಾಗಿತ್ತು. ಅಂಥ ಪಾದಗಳ ಚಿತ್ರಗಳನ್ನು ನಾನು ಕೆಲಸದ ಜಾಗದಲ್ಲಿ ಎಷ್ಟೋ ನೋಡಿದ್ದೆ. ಎದುರು ಸೀಟಿನಲ್ಲಿದ್ದ ಹೆಂಗಸು ನನ್ನ ಮುಖ ನೋಡಿ, ನೀರು ಕುಡಿಯುತ್ತೀರಾ ಎಂದು ಬಾಟಲಿ ಮುಂದೆ ಹಿಡಿದರು.

ಅಕ್ಕ ನನಗಿಂತ ತುಂಬಾ ದೊಡ್ಡವಳು. ಅಮ್ಮ ತೀರಿಕೊಂಡಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಗೌರಿಬಿದನೂರಿನ ಆಚೆ ನಮ್ಮ ತವರು. ಅಲ್ಲಿ ನನಗೆ ಜಡೆ ಹಾಕಿ, ಬುತ್ತಿ ಕಟ್ಟಿ ಕಳಿಸುತ್ತಿದ್ದವಳು ಅವಳೇ. ಆಮೇಲೆ ಅವಳನ್ನು ಚಿಂತಾಮಣಿಯ ಕಡೆಗೆ ಕೊಟ್ಟರು. ಭಾವ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲೇ ರೇಷ್ಮೆಹುಳು ಸಾಕುವ ಮನೆ. ಅದೆಲ್ಲವೂ ಅಕ್ಕನದೇ ಆಡಳಿತ. ಹುಳುವಿಗೆ ರೋಗ ತಗಲಬಾರದೆಂದು ಚಪ್ಪಲಿಯನ್ನು ಹೊರಗೆ ಬಿಟ್ಟು, ಬಾಗಿಲಲ್ಲಿ ಹರಡಿದ ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕಿತ್ತು. ವರ್ಷಗಟ್ಟಲೆ ಸುಣ್ಣ ತುಳಿದು ಅವಳ ಹಿಮ್ಮಡಿ ಒಣಗಿ, ಬಿರುಕು ಬಿಟ್ಟು, ಬೆಳ್ಳಗಾಗಿತ್ತು. ಆ ಬಿಳುಪಿನ ಮೇಲೆ ಈ ಕಪ್ಪು ಎದ್ದು ಕಾಣುತ್ತಿತ್ತು. ಆದರೂ ಅವಳು ಅದನ್ನು ಜಾಲಿ ಮುಳ್ಳು ಚುಚ್ಚಿ ಉಳಿದ ಕಲೆ ಅಂದುಕೊಂಡಿದ್ದಳು. ನೋವು ಶುರುವಾದಾಗ ಪಟ್ಟಣದ ಒಬ್ಬ ಡಾಕ್ಟರಿಗೆ ತೋರಿಸಿದ್ದಳಂತೆ. ಅವರು ಆಣಿ ಎಂದು ಮುಲಾಮು ಕೊಟ್ಟಿದ್ದರು.

ಮರುದಿನವೇ ನಾನು ಬೆಳಗಿನ ಬಸ್ಸಿಗೆ ಶಿಡ್ಲಘಟ್ಟದ ಮೇಲೆ ಅವಳ ಊರಿಗೆ ಹೋದೆ. ಹುಳುಗಳು ಕೊನೆಯ ಜ್ವರ ಎದ್ದು ಸೊಪ್ಪನ್ನು ಗಬಗಬ ತಿನ್ನುತ್ತಿದ್ದ ಸಮಯ ಅದು. ರೇಷ್ಮೆ ಸಾಕುವವರು ಹುಳು ಪೊರೆ ಬಿಡುವುದನ್ನು ಜ್ವರ ಅನ್ನುತ್ತಾರೆ. ಬೆಳೆ ಇಳಿಯುವವರೆಗೆ ಎಲ್ಲಿಗೂ ಬರುವುದಿಲ್ಲ ಎಂದು ಅಕ್ಕ ಹಟ ಹಿಡಿದಳು. ನಾನು ಅವಳ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದೆ. ಸುಮ್ಮನೆ ಮುಟ್ಟಿದಂತೆ ಮಾಡಿ ತೊಡೆಸಂದಿಯಲ್ಲಿ ಬೆರಳಿಟ್ಟೆ. ಗೋಲಿಯಂಥ ಗಂಟು ಕೈಗೆ ಸಿಕ್ಕಿತು. ಸೊಪ್ಪು ಹಾಕುವ ಕೆಲಸವನ್ನು ಅಕ್ಕನ ಅತ್ತೆಯವರಿಗೆ ಒಪ್ಪಿಸಿ ಅವತ್ತೇ ಅವಳನ್ನು ಕರೆದುಕೊಂಡು ಬಂದೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಬಯಾಪ್ಸಿ ಮಾಡಿದರು. ಮೆಲನೋಮ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರು. ಬಿಳಿಯರಲ್ಲಿ ಅದು ಬಿಸಿಲು ಬಿದ್ದ ಚರ್ಮದಲ್ಲಿ ಬರುವುದು ಹೆಚ್ಚು. ನಮ್ಮಲ್ಲಿ ಬಂದರೆ ಅಂಗಾಲಿನಲ್ಲೋ ಉಗುರಿನ ಕೆಳಗೋ ಬರುತ್ತದೆ. ಅಂಗಾಲಿನದು ಔಷಧಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಡಾಕ್ಟರು ಇದನ್ನು ಹೇಳುವ ಮೊದಲೇ ನನಗೆ ಗೊತ್ತಿತ್ತು, ಯಾಕೆಂದರೆ ನನ್ನ ಕೆಲಸವೇ ಅದು.

ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ನೋಡುವುದು ಆರ್‌ಎನ್‌ಎ ಮೇಲಿನ ರಾಸಾಯನಿಕ ಗುರುತುಗಳನ್ನು. ಜೀವಕೋಶದ ಮೂಲ ಬರಹ ಡಿಎನ್‌ಎಯಲ್ಲಿರುತ್ತದೆ. ಯಾವುದಾದರೂ ಪ್ರೋಟೀನು ಬೇಕಾದಾಗ ಆ ಭಾಗದ ಒಂದು ನಕಲು ತಯಾರಾಗುತ್ತದೆ, ಅದೇ ಆರ್‌ಎನ್‌ಎ. ನಕಲಿನ ಆಯಸ್ಸು ಕಡಿಮೆ, ಕೆಲಸ ಮುಗಿದ ಮೇಲೆ ಒಡೆದುಹೋಗಬೇಕು. ಅದರ ಕೆಲವು ಅಕ್ಷರಗಳ ಮೇಲೆ ಮೀಥೈಲ್ ಎಂಬ ಪುಟ್ಟ ಗುಂಪು ಅಂಟಿಕೊಳ್ಳುತ್ತದೆ. ಅದನ್ನು ಅಂಟಿಸುವ ಕಿಣ್ವಗಳಿವೆ, ಅಳಿಸುವ ಕಿಣ್ವಗಳಿವೆ. ಗುರುತನ್ನು ಓದಿ, ಈ ನಕಲು ಇನ್ನು ಸಾಕು ಎಂದು ಒಡೆಯಲು ಕಳಿಸುವ ಪ್ರೋಟೀನುಗಳೂ ಇವೆ. ಬರಹದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ನಕಲು ಎಷ್ಟು ಹೊತ್ತು ಬದುಕಬೇಕು ಎಂಬುದು ಮಾತ್ರ ಬದಲಾಗುತ್ತದೆ. ಕೆಲವು ಮೆಲನೋಮಗಳಲ್ಲಿ ಅಳಿಸುವ ಕಿಣ್ವ ವಿಪರೀತವಾಗಿರುತ್ತದೆ. ಗುರುತು ಅಳಿದುಹೋದರೆ, ಸಾಯಬೇಕಾದ ನಕಲುಗಳು ಸಾಯುವುದಿಲ್ಲ. ರೋಗನಿರೋಧಕ ಕಣಗಳಿಂದ ತಪ್ಪಿಸಿಕೊಳ್ಳಲು ಗೆಡ್ಡೆಗೆ ಬೇಕಾದ ಪ್ರೋಟೀನುಗಳು ಮತ್ತೆ ಮತ್ತೆ ತಯಾರಾಗುತ್ತಲೇ ಇರುತ್ತವೆ. ಇಲಿಗಳಲ್ಲಿ ಆ ಕಿಣ್ವವನ್ನು ತಡೆದರೆ, ಅಲ್ಲಿಯವರೆಗೆ ನಾಟದಿದ್ದ ಔಷಧ ನಾಟುತ್ತದೆ. ಮನುಷ್ಯರಿಗೆ ಕೊಡಬಹುದಾದ ಅಂಥ ತಡೆಮದ್ದು ಇನ್ನೂ ಇಲ್ಲ.

ಹಿಮ್ಮಡಿಯ ಭಾಗವನ್ನೂ ತೊಡೆಸಂದಿಯ ಗಂಟುಗಳನ್ನೂ ತೆಗೆದರು. ಗಾಯ ಮಾಯುವವರೆಗೆ ಅಕ್ಕ ಚಿಕ್ಕಬಳ್ಳಾಪುರದ ನನ್ನ ಬಾಡಿಗೆ ಮನೆಯಲ್ಲಿದ್ದಳು. ನಾನು ಮದುವೆಯಾಗಿಲ್ಲ, ಮನೆಯಲ್ಲಿ ನಾನು ಮತ್ತು ಅವಳ ಮಗಳು ಇಬ್ಬರೇ. ಭಾವ ಶನಿವಾರ ಡ್ಯೂಟಿ ಮುಗಿಸಿಕೊಂಡು ಸೊಪ್ಪು, ತರಕಾರಿ, ಮನೆಯ ಹಾಲಿನ ಮೊಸರು ಹೊತ್ತು ಬರುತ್ತಿದ್ದರು. ಅಕ್ಕ ಗೋಡೆ ಹಿಡಿದುಕೊಂಡು ಒಂದೇ ಕಾಲಿನಲ್ಲಿ ಅಡುಗೆಮನೆಗೆ ಬಂದು, ನಾನು ಸಾರಿಗೆ ಹುಣಸೆ ಜಾಸ್ತಿ ಹಾಕುತ್ತೇನೆಂದು ಗೊಣಗುತ್ತಿದ್ದಳು. ಆ ದಿನಗಳಲ್ಲಿ ನಾವು ಮೂವರೂ ತುಂಬಾ ನಗುತ್ತಿದ್ದೆವು ಎಂದು ಈಗ ನೆನಪಾಗುತ್ತದೆ. ಯಾವುದಕ್ಕೆ ನಗುತ್ತಿದ್ದೆವು ಎಂಬುದು ನೆನಪಿಲ್ಲ.

ಮುಂದಿನ ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಚುಕ್ಕೆಗಳು ಕಂಡವು. ಆಗ ಇಮ್ಯುನೊಥೆರಪಿ ಶುರು ಮಾಡಿದರು. ಇದು ಕಿಮೋದ ಹಾಗೆ ಕ್ಯಾನ್ಸರನ್ನು ನೇರವಾಗಿ ಕೊಲ್ಲುವ ಔಷಧವಲ್ಲ. ನಮ್ಮದೇ ರಕ್ತದ ರೋಗನಿರೋಧಕ ಕಣಗಳಾದ ಟಿ ಕೋಶಗಳಿಗೆ ಗೆಡ್ಡೆ ಹಾಕಿರುವ ತಡೆಯನ್ನು ಬಿಡಿಸುವ ಔಷಧ. ಡ್ರಿಪ್ ಹಾಕಿಸಿಕೊಂಡು ಬರುವಾಗ ಅಕ್ಕ ನನ್ನ ಕೆಲಸದ ಬಗ್ಗೆ ಮೊದಲ ಸಲ ಬಿಡಿಸಿ ಬಿಡಿಸಿ ಕೇಳಿದಳು. ಅಲ್ಲಿಯವರೆಗೆ ನಾನು ಬೆಂಗಳೂರಿನಲ್ಲಿ ರಿಸರ್ಚ್ ಮಾಡುತ್ತೇನೆ ಎಂಬುದಷ್ಟೇ ಅವಳಿಗೆ ಗೊತ್ತಿದ್ದದ್ದು, ಅಷ್ಟನ್ನೇ ನೆಂಟರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ನಾನು ನಕಲು, ಗುರುತು, ಅಳಿಸುವ ಕಿಣ್ವ ಎಲ್ಲ ಹೇಳಿದೆ. ಅವಳು ಕಾರಿನ ಕಿಟಕಿಗೆ ತಲೆ ಒರಗಿಸಿಕೊಂಡು ಕೇಳಿಸಿಕೊಂಡಳು. ದೇವನಹಳ್ಳಿ ದಾಟಿದ ಮೇಲೆ ಮಾತಾಡಿದಳು.

"ಅಂದ್ರೆ ನೀನು ಇಷ್ಟು ವರ್ಷ ಓದಿದ್ದೇ ನನಗೆ ಬಂದಿರೋದಾ?"

"ಹೂಂ ಅಕ್ಕ."

"ಹಂಗಾದ್ರೆ ಕುಯ್ದು ತೆಗೆದ್ರಲ್ಲ, ಅದನ್ನ ನೀನೇ ಇಟ್ಕೊಂಡು ನೋಡಬಾರದಾ?"

ನಮ್ಮ ಪ್ರಯೋಗಾಲಯಕ್ಕೂ ಆ ಆಸ್ಪತ್ರೆಗೂ ಒಡಂಬಡಿಕೆ ಇತ್ತು. ರೋಗಿಗಳು ಒಪ್ಪಿದರೆ ಗೆಡ್ಡೆಯ ತುಣುಕುಗಳು ಹೆಸರಿಲ್ಲದೆ, ಬರೀ ಸಂಕೇತದೊಂದಿಗೆ ನಮಗೆ ಬರುತ್ತಿದ್ದವು. ಅಕ್ಕ ಒಪ್ಪಿಗೆ ಕೊಟ್ಟಳು. ಆದರೆ ಸ್ವಂತ ಮನೆಯವರ ಮಾದರಿಯನ್ನು ನಾನು ಮುಟ್ಟುವ ಹಾಗಿರಲಿಲ್ಲ, ಅದು ನಿಯಮ. ನಾನೇ ಹೋಗಿ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆಗೆ ವಿಷಯ ತಿಳಿಸಿದೆ. ಅವರು ಆ ಕೆಲಸವನ್ನು ಬೇರೆ ಸಹೋದ್ಯೋಗಿಗೆ ವಹಿಸಿದರು. ಹೆಸರಿರಲಿಲ್ಲ, ಆದರೆ ಅಂಗಾಲಿನ ಮೆಲನೋಮದ ತುಣುಕು ನಮಗೆ ಬರುವುದೇ ಅಪರೂಪ. ಅದು ಯಾರದೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನು ಒಳಗೆ ಬಂದರೆ ಆ ಸಹೋದ್ಯೋಗಿ ಕಂಪ್ಯೂಟರಿನ ಪರದೆಯನ್ನು ಬೇರೆ ಕಡೆ ತಿರುಗಿಸುತ್ತಿದ್ದ.

ಕೆಲವು ವಾರಗಳಾದ ಮೇಲೆ ಮುಖ್ಯಸ್ಥೆ ನನ್ನನ್ನು ಕರೆದರು. ಫಲಿತಾಂಶ ಬಂದಿದೆ, ನೋಡುವುದೂ ಬಿಡುವುದೂ ನಿಮ್ಮ ಇಷ್ಟ ಎಂದರು. ಇದು ಸಂಶೋಧನೆಯೇ ಹೊರತು ರೋಗಿಗೆ ಕೊಡುವ ಪರೀಕ್ಷಾ ವರದಿಯಲ್ಲ, ಒಂದು ತುಣುಕನ್ನು ನೋಡಿ ಯಾರ ಭವಿಷ್ಯವನ್ನೂ ಹೇಳಲಾಗದು ಎಂಬುದು ನಿಮಗೆ ಗೊತ್ತೇ ಇದೆ ಎಂದೂ ಸೇರಿಸಿದರು. ನಾನು ನೋಡುತ್ತೇನೆ ಎಂದೆ.

ಗೆಡ್ಡೆಯ ತೆಳು ಪದರದಲ್ಲಿ ಅಳಿಸುವ ಕಿಣ್ವ ಎಲ್ಲಿದೆಯೆಂದು ತೋರಿಸಲು ಹಾಕುವ ಬಣ್ಣ ಕಂದು. ಅಕ್ಕನ ಗೆಡ್ಡೆ ಈ ಅಂಚಿನಿಂದ ಆ ಅಂಚಿನವರೆಗೆ ಗಾಢ ಕಂದಾಗಿತ್ತು. ಟಿ ಕೋಶಗಳು ಗೆಡ್ಡೆಯ ಹೊರಗಡೆ ಒಂದು ಸಾಲಿನಲ್ಲಿ ನಿಂತುಬಿಟ್ಟಿದ್ದವು. ಒಳಗೆ ಒಂದೆರಡನ್ನು ಹುಡುಕಿ ಹುಡುಕಿ ತೋರಿಸಬೇಕಿತ್ತು. ಆರ್‌ಎನ್‌ಎ ಮೇಲಿನ ಗುರುತುಗಳ ನಕ್ಷೆಯಲ್ಲಿ ಇರಬೇಕಾದ ಕಡೆಗಳಲ್ಲಿ ಏನೂ ಇರಲಿಲ್ಲ, ಗೆರೆ ನೆಲಕ್ಕಂಟಿತ್ತು. ಬೇರೆ ಯಾರದಾದರೂ ಆಗಿದ್ದರೆ, ಎಷ್ಟು ಸ್ಪಷ್ಟವಾಗಿ ಬಂದಿದೆ ಎಂದು ನಾನು ಖುಷಿಪಡುತ್ತಿದ್ದೆ. ನಿಜ ಹೇಳಬೇಕೆಂದರೆ ಮೊದಲ ಕ್ಷಣ ಮನಸ್ಸಿಗೆ ಬಂದದ್ದು ಅದೇ.

ಅಕ್ಕ ಆ ವಾರ ನನ್ನ ಮನೆಯಲ್ಲೇ ಇದ್ದಳು. ಸಂಜೆ ನಾನು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ, ದಿನವೂ ಕೇಳುವ ಹಾಗೆ ಕೇಳಿದಳು. ನೋಡಿದೆಯಾ ಎಂದಳು. ಅವಳ ಹತ್ತಿರ ನನಗೆ ಯಾವತ್ತೂ ಏನನ್ನೂ ಮುಚ್ಚಿಡಲು ಆಗಿರಲಿಲ್ಲ. ನೋಡಿದೆ ಎಂದೆ. ಔಷಧ ನಾಟುವ ಲಕ್ಷಣ ಕಡಿಮೆ ಎಂದೆ. ಖಂಡಿತವಾಗಿ ಹೇಳಲು ಬರುವುದಿಲ್ಲ, ನಾನು ತಿಳಿದುಕೊಂಡದ್ದು ತಪ್ಪಾಗಿರಲೂಬಹುದು ಎಂದೂ ಹೇಳಿದೆ. ಅವಳು ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ತಪ್ಪಾಗಿರಬಹುದು ಅಂತ ನೀನೇ ಅಂತಿದೀಯ. ನಾನಂತೂ ಡ್ರಿಪ್ ಬಿಡಲ್ಲ ಕಣೇ."

ಬಿಡಲಿಲ್ಲ. ಮುಂದಿನ ಸರದಿಯೂ ಆಯಿತು. ಅದಾದ ಮೇಲೆ ಊರಿಗೆ ಹೋದವಳಿಗೆ ಭೇದಿ ಹತ್ತಿಕೊಂಡಿತು. ಮೊದಲು ಊಟ ಹೆಚ್ಚುಕಡಿಮೆಯಾಗಿದೆ ಅಂದುಕೊಂಡರು. ರಕ್ತ ಹೋಗಲು ಶುರುವಾದಾಗ ಭಾವ ಯಾರದೋ ವ್ಯಾನಿನಲ್ಲಿ ಅವಳನ್ನು ಮಲಗಿಸಿಕೊಂಡು ಸೀದಾ ಬೆಂಗಳೂರಿಗೆ ಬಂದರು. ನಾನು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದೆ. ವ್ಯಾನಿನಿಂದ ಇಳಿಸಿಕೊಳ್ಳುವಾಗ ಅವಳು ಎಷ್ಟು ಹಗುರಾಗಿದ್ದಾಳೆ ಎಂದು ಗೊತ್ತಾಯಿತು.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮೆತ್ತಗೆ ಮಾತಾಡುವವರು. ಔಷಧ ತಡೆಯನ್ನು ಬಿಡಿಸಿದೆ, ಟಿ ಕೋಶಗಳು ಎದ್ದಿವೆ, ಆದರೆ ಕರುಳಿನ ಮೇಲೆ ಬಿದ್ದಿವೆ ಎಂದು ಭಾವನಿಗೆ ವಿವರಿಸಿದರು. ಅವನ್ನು ಈಗ ಸ್ಟಿರಾಯ್ಡ್ ಕೊಟ್ಟು ಮಲಗಿಸಲೇಬೇಕು, ಡ್ರಿಪ್ ಇನ್ನು ಕೊಡುವಂತಿಲ್ಲ ಎಂದರು. ಭಾವ ಎಲ್ಲದಕ್ಕೂ ತಲೆಯಾಡಿಸಿದರು. ಹಾಸಿಗೆಯ ಮೇಲಿದ್ದ ಅಕ್ಕ ಮಾತ್ರ ಹೊಟ್ಟೆಯ ಮೇಲೆ ಕೈ ಇಟ್ಟು ನನ್ನನ್ನು ಕೇಳಿದಳು.

"ಇಲ್ಲಿ ಕೆಲಸ ಮಾಡ್ತದೆ, ಅಲ್ಲಿ ಯಾಕೆ ಮಾಡಲ್ಲ?"

ಯಾಕೆ ಮಾಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಅದನ್ನು ಪಾಠದ ಹಾಗೆ ಹೇಳಬಲ್ಲವಳಾಗಿದ್ದೆ. ಅವಳ ಕಾಲು ಒತ್ತುತ್ತಾ ಕೂತೆ.

ಕರುಳಿನ ತೊಂದರೆ ನಿಧಾನವಾಗಿ ಕಡಿಮೆಯಾಯಿತು. ಆದರೆ ಆಮೇಲಿನ ಸ್ಕ್ಯಾನಿನಲ್ಲಿ ರೋಗ ಯಕೃತ್ತಿಗೂ ಇಳಿದಿತ್ತು. ಅಕ್ಕನಿಗೆ ಹೊಂದುವ ಬೇರೆ ಔಷಧ ಇರಲಿಲ್ಲ. ನೋವಿಗೆ ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸಿದರು. ನಾನು ಪ್ರಯೋಗಾಲಯದಿಂದ ರಜೆ ತೆಗೆದುಕೊಂಡು ಅವಳ ಊರಿನಲ್ಲೇ ಉಳಿದೆ.

ಭಾವನ ನೆಂಟರೊಬ್ಬರು ಗೌರಿಬಿದನೂರಿನ ಆಚೆ ಒಬ್ಬ ನಾಟಿ ವೈದ್ಯರಿದ್ದಾರೆ, ಗಂಟುಗಳಿಗೆ ಬೇರು ಕೊಡುತ್ತಾರೆ ಎಂದು ಹೇಳಿದ್ದರು. ಭಾವ ನನ್ನ ಮುಖ ನೋಡಿದರು. ನಾನು ಬೇಡ ಅನ್ನಲಿಲ್ಲ. ಬೇಡ ಅನ್ನಲು ನನ್ನ ಹತ್ತಿರ ಬೇರೆ ಏನಿತ್ತು? ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಮಂಚೇನಹಳ್ಳಿ ದಾಟಿಕೊಂಡು ಕಾರಿನಲ್ಲಿ ಹೋದೆವು. ಅಕ್ಕ ಹಿಂದಿನ ಸೀಟಿನಲ್ಲಿ ಮಗಳ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ನಮ್ಮ ತವರಿನ ದಾರಿ ಅದು. ತವರಿನಲ್ಲಿ ನಮ್ಮವರೆಂದು ಈಗ ಯಾರೂ ಇಲ್ಲ. ಊರಿನ ಕಮಾನು ಬಂದಾಗ ಅವಳು ತಲೆ ಎತ್ತಿ ನೋಡಿ ಮತ್ತೆ ಮಲಗಿದಳು. ವೈದ್ಯರು ವಯಸ್ಸಾದವರು. ಕಾಲು ನೋಡಿದರು, ಕಣ್ಣಿನ ರೆಪ್ಪೆ ಎಳೆದು ಹಳದಿ ನೋಡಿದರು, ಭಾವನನ್ನು ಬೇವಿನ ಮರದ ಕಡೆ ಕರೆದುಕೊಂಡು ಹೋಗಿ ಏನೋ ಹೇಳಿದರು. ಬೇರು ಕೊಡಲಿಲ್ಲ. ತಿರುಗಿ ಬರುವಾಗ ಅಕ್ಕ ಇಡ್ಲಿ ತಿನ್ನುತ್ತೇನೆ ಎಂದಳೆಂದು ಚಿಕ್ಕಬಳ್ಳಾಪುರದ ಬಸ್‌ಸ್ಟಾಂಡಿನ ಹತ್ತಿರ ನಿಲ್ಲಿಸಿದೆವು. ಎರಡು ತುತ್ತು ಬಾಯಿಗಿಟ್ಟುಕೊಂಡು ವಾಂತಿ ಮಾಡಿದಳು.

ನಮ್ಮ ಪ್ರಯೋಗಾಲಯದ ತಡೆಮದ್ದಿನ ವಿಷಯವನ್ನು ಭಾವನಿಗೆ ಹೇಳಿದ್ದು ಮಗಳು. ಅವಳು ನನ್ನ ಮನೆಯಲ್ಲೇ ಇದ್ದವಳಲ್ಲವೇ, ಊಟದ ಹೊತ್ತಿನಲ್ಲಿ ನಾನು ಆಡಿದ ಮಾತುಗಳನ್ನು ಕೇಳಿಸಿಕೊಂಡಿದ್ದಳು. ಅಳಿಸುವ ಕಿಣ್ವವನ್ನು ತಡೆಯುವ ಒಂದು ರಾಸಾಯನಿಕವನ್ನು ನಾವು ಇಲಿಗಳಿಗೆ ಕೊಡುತ್ತಿದ್ದೆವು. ಕೆಲವು ಇಲಿಗಳಲ್ಲಿ ಗೆಡ್ಡೆ ಕರಗಿತ್ತು. ಕೆಲವು ಇಲಿಗಳು ಮೇವು ಬಿಟ್ಟು, ಯಕೃತ್ತು ಕೆಟ್ಟು ಸತ್ತಿದ್ದವು. ಭಾವ ಒಂದು ಮಧ್ಯಾಹ್ನ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನನ್ನನ್ನು ನಿಲ್ಲಿಸಿಕೊಂಡರು. ಕಂಬ ಹತ್ತಿ ಇಳಿದು ಬೆಳೆದ ಗಟ್ಟಿ ಆಳು. ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು.

"ಅದನ್ನ ತಂದುಕೊಡಮ್ಮ. ಯಾರಿಗೂ ಹೇಳಲ್ಲ ನಾನು."

"ಅದು ಔಷಧ ಅಲ್ಲ ಭಾವ. ಇಲಿಗೆ ಅಂತ ಮಾಡಿರೋದು. ಮೈಗೆ ಹಾಕೋ ಥರ ಶುದ್ಧ ಕೂಡ ಮಾಡಿರಲ್ಲ."

"ಹೆಂಗಿದ್ರೂ ಹೋಗೋ ಜೀವ. ಇನ್ನೇನಾಗ್ತದೆ?"

ಇನ್ನೂ ಕೆಟ್ಟದಾಗಿ ಹೋಗಬಹುದು ಎಂದೆ. ಅಕ್ಕನ ಯಕೃತ್ತು ಈಗಾಗಲೇ ಸೋತಿದೆ, ಇದು ಸೇರಿದರೆ ನರಳಿ ನರಳಿ ಸಾಯುತ್ತಾಳೆ ಎಂದೆ. ನನ್ನ ಮಾತು ನನಗೇ ದೂರದಲ್ಲಿ ಯಾರೋ ಓದಿದಂತೆ ಕೇಳಿಸುತ್ತಿತ್ತು. ಅವರು ಕೈ ಮುಗಿದರು. ನಾನು ಅವರ ಕೈ ಹಿಡಿದು ಕೆಳಗಿಳಿಸಿದೆ, ಆಗುವುದಿಲ್ಲ ಎಂದೆ. ಆದರೂ ಮರುದಿನ ಬೆಂಗಳೂರಿಗೆ ಹೋಗಿ ಮುಖ್ಯಸ್ಥೆಯನ್ನು ಕೇಳಿದೆ. ಬೇರೆ ಯಾವುದಾದರೂ ದೇಶದಲ್ಲಿ, ಯಾವುದಾದರೂ ಆಸ್ಪತ್ರೆಯಲ್ಲಿ, ಪ್ರಯೋಗಕ್ಕೆ ಸೇರಿಸಿಕೊಳ್ಳುವ ದಾರಿ ಇದೆಯೇ ಎಂದು ಕೇಳಿದೆ. ಅವರು ನನ್ನ ಎದುರಿಗೇ ಕೂತು ಹುಡುಕಿದರು, ಪರಿಚಯದವರಿಗೆ ಫೋನ್ ಮಾಡಿದರು. ಅಕ್ಕನ ಸ್ಥಿತಿಯಲ್ಲಿರುವವರನ್ನು ತೆಗೆದುಕೊಳ್ಳುವವರು ಎಲ್ಲಿಯೂ ಇರಲಿಲ್ಲ. ಹೊರಡುವ ಮುಂಚೆ ನಾನು ಫ್ರೀಜರಿನ ಕೋಣೆಗೆ ಹೋದೆ. ಬಾಗಿಲು ತೆಗೆದು ಆ ಪುಟ್ಟ ಶೀಷೆಗಳನ್ನು ನೋಡಿದೆ. ಕಿರುಬೆರಳಿಗಿಂತ ಚಿಕ್ಕವು. ಮುಟ್ಟಲಿಲ್ಲ. ಬಾಗಿಲು ಮುಚ್ಚಿ ಬಂದೆ.

ಭಾವ ಅಕ್ಕನಿಗೆ ಹೇಳಿರುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಅವತ್ತು ಸಂಜೆ ನಾನು ಅವಳಿಗೆ ಗಂಜಿ ಕುಡಿಸಲು ಕೂತಾಗ ಅವಳು ಬಾಯಿ ತೆರೆಯಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. ಆಮೇಲೆ ಗೋಡೆಯ ಕಡೆ ಹೊರಳಿದಳು.

"ಇಲಿಗೆ ಕೊಡ್ತೀರ. ನನಗೆ ಕೊಡಲ್ಲ."

ಸಾಯುವವರು ಎಲ್ಲವನ್ನೂ ಒಪ್ಪಿಕೊಂಡು ಶಾಂತವಾಗುತ್ತಾರೆ ಎಂದು ಹೇಳುವುದನ್ನು ಕೇಳಿದ್ದೇನೆ. ನನ್ನ ಅಕ್ಕ ಹಾಗಾಗಲಿಲ್ಲ. ಅವಳಿಗೆ ಬದುಕಬೇಕಿತ್ತು. ಮಗಳ ಡಿಗ್ರಿ ನೋಡಬೇಕಿತ್ತು, ಹೊಸದಾಗಿ ಹಾಕಿದ ಹಿಪ್ಪುನೇರಳೆ ಕಡ್ಡಿಗಳು ಚಿಗುರಿದ್ದನ್ನು ನೋಡಬೇಕಿತ್ತು, ನನ್ನ ಸಾರಿನ ಹುಳಿ ಜಾಸ್ತಿ ಎಂದು ಇನ್ನೂ ಎಷ್ಟೋ ವರ್ಷ ಬಯ್ಯಬೇಕಿತ್ತು. ತನ್ನನ್ನು ಉಳಿಸಬಹುದಾದದ್ದು ತಂಗಿಯ ಕೈಗೆಟುಕುವ ಜಾಗದಲ್ಲಿದೆ, ತಂಗಿ ಕೊಡುತ್ತಿಲ್ಲ ಎಂದೇ ಅವಳು ತಿಳಿದಳು. ನಾನು ಅವಳ ಬೆನ್ನಿನ ಹಿಂದೆ ಕೂತು ಅದು ಹಾಗಲ್ಲ ಎಂದು ಹೇಳಿದೆ. ಮತ್ತೆ ಮತ್ತೆ ಹೇಳಿದೆ. ಅವಳಿಗೆ ಕೇಳಿಸಿತೋ ಇಲ್ಲವೋ. ಗಂಜಿ ತಣ್ಣಗಾಯಿತು. ಅತ್ತೆಯವರು ಬಂದು ಬಟ್ಟಲನ್ನು ನನ್ನ ಕೈಯಿಂದ ತೆಗೆದುಕೊಂಡು, ತಮ್ಮ ತೆಲುಗಿನಲ್ಲಿ, "ಇಂಕ ಚಾಲು ತಲ್ಲೀ," ಇನ್ನು ಸಾಕು ತಾಯಿ, ಎಂದರು. ಅದನ್ನು ನನಗೆ ಹೇಳಿದರೋ ಅಕ್ಕನಿಗೋ ತಿಳಿಯಲಿಲ್ಲ.

ಆಮೇಲೆ ಅಕ್ಕ ನನ್ನೊಂದಿಗೆ ಹೆಚ್ಚು ಮಾತಾಡಲಿಲ್ಲ. ಸಿಟ್ಟಿನಿಂದ ಎಂದು ಹೇಳಲಾರೆ, ನೋವಿನ ಮದ್ದಿನ ಮಂಪರೂ ಇತ್ತು. ಒಂದು ಸಲ ನನ್ನನ್ನು ಅಮ್ಮ ಎಂದು ಕರೆದಳು. ಇನ್ನೊಂದು ಸಲ ಬಾಗಿಲಿಗೆ ಸುಣ್ಣ ಹರಡಿದರಾ ಎಂದು ಕೇಳಿದಳು. ಅವಳು ಹೋದದ್ದು ಬೆಳಗ್ಗೆ, ಹುಳುಗಳು ಹಣ್ಣಾದ ದಿನ. ಹಣ್ಣಾದ ಹುಳುವನ್ನು ಆ ಕೂಡಲೇ ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟಿಗೆ, ಬಿಡಬೇಕು, ಇಲ್ಲವಾದರೆ ಬೆಳೆಯೆಲ್ಲ ಹಾಳು. ಅಕ್ಕಪಕ್ಕದ ಮನೆಗಳ ಹೆಂಗಸರು ಅಂಗಳಕ್ಕೆ ಬಂದು ಅಳುವಷ್ಟು ಅತ್ತು, ಕಣ್ಣೊರೆಸಿಕೊಂಡು ಹುಳು ಮನೆಗೆ ಹೋಗಿ ಆ ಕೆಲಸ ಮಾಡಿಕೊಟ್ಟರು. ಒಂದು ಕಡೆ ಚಟ್ಟ ಕಟ್ಟುತ್ತಿದ್ದರು. ನಾನು ಎರಡು ಮನೆಗಳ ನಡುವೆ ನಿಂತಿದ್ದೆ. ಭಾವ ನನ್ನನ್ನು ದಾಟಿಕೊಂಡು ಹಲವು ಸಲ ಓಡಾಡಿದರು. ನನ್ನ ಕಡೆ ನೋಡಲಿಲ್ಲ.

ತಿಥಿ ಮುಗಿದ ಮೇಲೆ ಮಗಳು ಕಾಲೇಜಿಗೆಂದು ನನ್ನ ಮನೆಗೇ ವಾಪಸು ಬಂದಳು. ಕಳಿಸಲು ಭಾವ ಬೇಡ ಅನ್ನಲಿಲ್ಲ, ತಾವು ಬರಲೂ ಇಲ್ಲ. ನಾನು ಮತ್ತೆ ಬೆಳಗಿನ ರೈಲು ಹತ್ತತೊಡಗಿದೆ.

ಅಕ್ಕನ ತೊಡೆಸಂದಿಯಿಂದ ತೆಗೆದು ಆಸ್ಪತ್ರೆಯವರು ಸಾಯದಂತೆ ಹೆಪ್ಪುಗಟ್ಟಿಸಿ ಇಟ್ಟಿದ್ದ ಗಂಟಿನ ಕೋಶಗಳನ್ನು ನಮ್ಮಲ್ಲಿ ಬೆಳೆಸಿದ್ದರು. ರೋಗಿಗಳಿಂದ ಬಂದ ಕೋಶಗಳು ಬಹುಪಾಲು ತಟ್ಟೆಯಲ್ಲಿ ಬದುಕುವುದಿಲ್ಲ. ಇವು ಬದುಕಿದ್ದವು. ಎರಡಾಗಿ, ನಾಲ್ಕಾಗಿ, ತಟ್ಟೆ ತುಂಬಿ, ಹೊಸ ತಟ್ಟೆಗೆ ಹೋಗಿ, ಅಲ್ಲಿಯೂ ತುಂಬಿದ್ದವು. ನಾನು ಹಿಂದಿರುಗಿದ ಮೇಲೆ ಮುಖ್ಯಸ್ಥೆಯೇ ಕೂರಿಸಿಕೊಂಡು ಹೇಳಿದರು. ಆ ಕೋಶಗಳಿಗೆ ತಡೆಮದ್ದು ಹಾಕಿ, ಜೊತೆಗೆ ಟಿ ಕೋಶಗಳನ್ನು ಬಿಟ್ಟು ನೋಡಿದ್ದರು. ಆರ್‌ಎನ್‌ಎ ಮೇಲಿನ ಗುರುತುಗಳು ಮರಳಿ ಬಂದಿದ್ದವು. ಅಕ್ಕನ ಕ್ಯಾನ್ಸರು ತಟ್ಟೆಯಲ್ಲಿ ಸತ್ತಿತ್ತು. ಬೇರೆ ಯಾರೋ ಹೇಳಿ ನಿಮಗೆ ತಿಳಿಯಬಾರದೆಂದು ನಾನೇ ಹೇಳುತ್ತಿದ್ದೇನೆ ಎಂದರು. ತಟ್ಟೆಯಲ್ಲಿ ಸಾಯುವುದಕ್ಕೂ ಮೈಯಲ್ಲಿ ಸಾಯುವುದಕ್ಕೂ ಇರುವ ದೂರವನ್ನು ನನಗೆ ನೆನಪಿಸಿದರು. ಅದು ನನಗೆ ಗೊತ್ತು. ಅಕ್ಕನ ಯಕೃತ್ತು ಆ ಮದ್ದನ್ನು ತಾಳುತ್ತಿರಲಿಲ್ಲ ಎಂಬುದೂ ಗೊತ್ತು. ಗೊತ್ತಿರುವುದರಿಂದ ಎದೆಯ ಭಾರ ಒಂದು ಚೂರೂ ಕಡಿಮೆಯಾಗಲಿಲ್ಲ.

ಮನೆಗೆ ಬಂದು ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳಿಗೆ ತಿಳಿಯುವ ಹಕ್ಕಿತ್ತು. ಅವಳು ಅಳಲಿಲ್ಲ. ನಾನು ನೋಡಬಹುದಾ ಎಂದು ಮಾತ್ರ ಕೇಳಿದಳು. ಮುಖ್ಯಸ್ಥೆ ಒಪ್ಪಿದ ಮೇಲೆ ಒಂದು ಶನಿವಾರ ಅವಳನ್ನು ಕರೆದುಕೊಂಡು ಹೋದೆ. ಬಿಳಿ ಕೋಟು ತೊಡಿಸಿ, ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಉದ್ದುದ್ದ ಬಾಲದ ಕೋಶಗಳು ಮದ್ದು ಹಾಕದ ತಟ್ಟೆಯ ತಳಕ್ಕೆ ಒತ್ತೊತ್ತಾಗಿ ಅಂಟಿಕೊಂಡಿದ್ದವು. ಕೆಲವುಗಳಲ್ಲಿ ಕಪ್ಪು ಬಣ್ಣದ ಹರಳುಗಳಿದ್ದವು. ಅವಳು ತುಂಬಾ ಹೊತ್ತು ನೋಡಿದಳು.

"ಇವು ಚೆನ್ನಾಗೇ ಬದುಕಿವೆ ಅಲ್ವಾ ಚಿಕ್ಕಮ್ಮ."

ನಾನು ಹೂಂ ಎಂದೆ. ಇವಕ್ಕೆ ಊಟ ಏನು ಎಂದು ಕೇಳಿದಳು. ಹೇಳಿದೆ. ಕೊಡದಿದ್ದರೆ ಏನಾಗುತ್ತದೆ ಎಂದು ಕೇಳಿದಳು. ಸಾಯುತ್ತವೆ ಎಂದೆ. ಅವಳ ಬೆರಳುಗಳು ತಟ್ಟೆಯ ಅಂಚಿನ ಹತ್ತಿರ ಇದ್ದವು. ಒಂದು ಕ್ಷಣ ಅವಳು ಅದನ್ನು ನೆಲಕ್ಕೆ ಎಸೆಯುತ್ತಾಳೆ ಅನ್ನಿಸಿತು, ಎಸೆದಿದ್ದರೆ ನಾನು ತಡೆಯುತ್ತಿರಲಿಲ್ಲ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಕೋಟಿನ ಗುಂಡಿ ಬಿಚ್ಚುತ್ತಾ ಹೊರಗೆ ನಡೆದಳು.

ಭಾವ ಬಂದದ್ದು ಇದಾದ ಮೇಲೆ, ಬೇಸಿಗೆಯಲ್ಲಿ. ತಟ್ಟೆಯ ವಿಷಯವನ್ನು ಮಗಳು ಅವರಿಗೆ ಹೇಳಿದ್ದಳು. ಮುಂಚೆ ತಿಳಿಸದೆ, ಕೈಯಲ್ಲಿ ಏನನ್ನೂ ಹಿಡಿದುಕೊಳ್ಳದೆ ಬಂದು ನಡುಮನೆಯ ಕುರ್ಚಿಯ ತುದಿಯಲ್ಲಿ ಕೂತರು. ಮಗಳು ಕಾಲೇಜಿಗೆ ಹೋಗಿದ್ದಳು. ನಾನು ಕಾಫಿ ಮಾಡಿಕೊಟ್ಟೆ. ಅವರು ಅದನ್ನು ನೆಲದ ಮೇಲೆ ಇಟ್ಟರು. ಗಡ್ಡ ಪೂರಾ ಬೆಳ್ಳಗಾಗಿತ್ತು. ಈ ಸಲ ಹುಳು ಸಾಕಿಲ್ಲ, ಸೊಪ್ಪನ್ನು ಬೇರೆಯವರಿಗೆ ಕೊಟ್ಟೆ ಎಂದರು.

"ಅದು ಕೆಲಸ ಮಾಡ್ತಂತೆ."

"ತಟ್ಟೇಲಿ ಮಾಡಿದೆ ಭಾವ. ಅಕ್ಕನ ಮೈಲಿ ಮಾಡ್ತಿರಲಿಲ್ಲ."

"ಗೊತ್ತಾ ನಿಂಗೆ?"

ಗೊತ್ತು ಎನ್ನಲು ಆಗಲಿಲ್ಲ. ಮಾಡುತ್ತಿರಲಿಲ್ಲ ಎಂದು ನಂಬುತ್ತೇನೆ, ಅಷ್ಟೇ, ಎಂದೆ. ಅವರು ತಲೆಯಾಡಿಸಿದರು. ಒಪ್ಪಿದ ಹಾಗೆಯೂ ಇರಲಿಲ್ಲ, ಒಪ್ಪದ ಹಾಗೆಯೂ ಇರಲಿಲ್ಲ. ಮನುಷ್ಯರಿಗೆ ಕೊಡುವ ಹಾಗಾಗಲು ಇನ್ನು ಎಷ್ಟು ವರ್ಷ ಬೇಕು ಎಂದು ಕೇಳಿದರು. ಗೊತ್ತಿಲ್ಲ, ಯಾವತ್ತೂ ಆಗದೆಯೂ ಇರಬಹುದು ಎಂದೆ. ಚಿಂತಾಮಣಿಯ ಬಸ್ಸಿಗೆ ಹೊತ್ತಾಯಿತೆಂದು ಅವರು ಎದ್ದರು. ಮಗಳು ಬರುವವರೆಗೆ ಇರಿ ಎಂದೆ. ಇನ್ನೊಂದು ಸಲ ಬರ್ತೀನಿ ಎಂದು ಹೇಳಿ, ಬಗ್ಗಿ ಚಪ್ಪಲಿ ಹಾಕಿಕೊಂಡು, ಬಿಸಿಲಿನಲ್ಲಿ ನಡೆದು ಹೋದರು. ಆಮೇಲೆ ಬಂದಿಲ್ಲ.